ಕೊಲೋಸಸ್ ಮುಂದೆ ಕ್ಯಾಮೆರಾ ಹಿಡಿಯುವವರಿಗೆ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಶ್ರೀನಗರದ ಹಿರಿಯರು ಬ್ಲೆಚ್ಲಿ ಪಾರ್ಕಿನ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಕೊಲೋಸಸ್ಸಿನ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಲೊರೆಂಜ್ ಗೂಢಲಿಪಿಯನ್ನು ಭೇದಿಸಲು ನೆರವಾದ ಯಂತ್ರದ ಮರುನಿರ್ಮಿತ ರೂಪದ, ಫೋಟೊವನ್ನು ಫ್ಲಾಶ್ ಇಲ್ಲದೆಯೇ ತೆಗೆಯುವುದು ಒಳ್ಳೆಯದು. ಏಕೆಂದರೆ ಸುಮಾರು 2,500 ವಾಲ್ವ್‌ಗಳ, ಎಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಿರ್ವಾತ ನಳಿಕೆಗಳ, ಮಂದವಾದ ಹೊಳಪು ಫ್ಲಾಶಿನ ಬೆಳಕಿನಲ್ಲಿ ಕಾಣದೇ ಹೋಗುತ್ತದೆ. ಸೆಕೆಂಡಿಗೆ 5,000 ಅಕ್ಷರಗಳ ವೇಗದಲ್ಲಿ ರಾಟೆಗಳ ಮೇಲೆ ಓಡುವ, ರಂಧ್ರಗಳುಳ್ಳ ಕಾಗದದ ಪಟ್ಟಿ ಮಸುಕಾಗಿ ಬಂದರೆ ಆ ಚಿತ್ರವನ್ನು ಅಳಿಸಬೇಕಾಗಿಲ್ಲ. ಇಡೀ ಯಂತ್ರದ ಒಂದು ಚಿತ್ರಕ್ಕಿಂತ ತಂತಿ, ಬೆಸುಗೆ, ಸ್ವಿಚ್‌ಗಳನ್ನು ಹತ್ತಿರದಿಂದ ತೆಗೆದ ಚಿತ್ರಗಳು ಹೆಚ್ಚು ಮುಖ್ಯ: ಮೂಲ ನಕ್ಷೆಗಳನ್ನು ಗೋಪ್ಯತೆಗಾಗಿ ಸುಟ್ಟುಹಾಕಿದ್ದರಿಂದ, 1993ರಲ್ಲಿ ಟೋನಿ ಸೇಲ್ ಪುನರ್ನಿರ್ಮಾಣಕ್ಕೆ ತೊಡಗಿದಾಗ ಅವರ ಕೈಗೆ ಸಿಕ್ಕಿದ್ದು 1945ರ ಎಂಟು ಛಾಯಾಚಿತ್ರಗಳು ಮತ್ತು ಎಂಜಿನಿಯರುಗಳು ಉಳಿಸಿಕೊಂಡಿದ್ದ ಸರ್ಕ್ಯೂಟ್ ನಕ್ಷೆಗಳ ಕೆಲವು ತುಣುಕುಗಳು ಮಾತ್ರ.