ಮೆನು ಬದಲಿಸುವ ಮುನ್ನ

ಮಗೂ,

ತಿ. ನರಸೀಪುರದ ನಿನ್ನ ಅಂಗಡಿಯ ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿದ್ದೀಯ ಅಂತ ಕೇಳಿ ಮನಸ್ಸು ತುಂಬಿತು. ತಂತ್ರಾಂಶ ತೆರೆಯೋಕೆ ಯಾವ ಮೆನು ಇಡಲಿ ಮಾವ, ಅಂದೆಯಲ್ಲ. ಮೊದಲು ನಾನು ಎಡವಿದ್ದು ಕೇಳು.

ನನಗೆ ಡಿಮೆನು ಅಚ್ಚುಮೆಚ್ಚು. ತೆರೆಯ ಮೇಲ್ತುದಿಯಲ್ಲಿ ಒಂದೇ ಗೆರೆ, ಚಿತ್ರವಿಲ್ಲ. ಹೆಸರಿನ ಮೂರಕ್ಷರ ಒತ್ತಿ ಎಂಟರ್ ಕೊಟ್ಟರೆ ಕೆಲಸ ಶುರು. ನಂಜನಗೂಡಿನ ನಮ್ಮ ಡಿಟಿಪಿ ಅಂಗಡಿಯ ಎಲ್ಲ ಕಂಪ್ಯೂಟರಿಗೂ ಅದನ್ನೇ ಹಾಕಿಬಿಟ್ಟೆ. ನಮ್ಮಲ್ಲಿ ಅಕ್ಷರ ಜೋಡಿಸುತ್ತಿದ್ದ ಹಿರಿಯರಿಗೆ ಇಂಕ್‌ಸ್ಕೇಪ್ ಅಂದರೆ ಹಳೇ ಮೆನುವಿನಲ್ಲಿ ಮೇಲಿಂದ ಮೂರನೇ ಚಿತ್ರ. ಅದರ ಇಂಗ್ಲಿಷ್ ಸ್ಪೆಲ್ಲಿಂಗ್ ಅವರಿಗೆ ಯಾವತ್ತೂ ಬೇಕಾಗಿರಲಿಲ್ಲ. ದೊಡ್ಡ ಜಾತ್ರೆಯ ಹಿಂದಿನ ದಿನ, ಕರಪತ್ರಕ್ಕೆ ಜನ ಬಾಗಿಲಲ್ಲಿ ನಿಂತಿದ್ದಾಗ, ಅವರು ಆ ಗೆರೆ ನೋಡುತ್ತ ಸುಮ್ಮನೆ ಕೂತಿದ್ದರು. ಆ ಮುಖ ಇನ್ನೂ ಕಣ್ಣಲ್ಲಿದೆ.

ಆದ್ದರಿಂದ ಕೂರುವವರನ್ನು ನೋಡಿ ಮೆನು ಇಡು. ನಿನ್ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ಮೊದಲಿಂದ ಬರುವ ಮೆನು ಒಳಗೊಳಗೆ ಕವಲೊಡೆಯುತ್ತದೆ. ಮೌಸ್ ಸ್ವಲ್ಪ ಜಾರಿದರೆ ಮತ್ತೆ ಮೊದಲಿಂದ ಹುಡುಕಬೇಕು. ಅದರ ಬದಲು ಹಾಕಬಹುದಾದ ವಿಸ್ಕರ್ ಮೆನುವಿನಲ್ಲಿ ದಿನಬಳಕೆಯವನ್ನು ಮೆಚ್ಚಿನ ಪಟ್ಟಿಗೆ ಸೇರಿಸಬಹುದು, ಹುಡುಕಲು ಜಾಗವೂ ಉಂಟು. ಚಿತ್ರ ನೋಡುವವರಿಗೂ ಟೈಪ್ ಮಾಡುವವರಿಗೂ ಒಗ್ಗುತ್ತದೆ. ನನ್ನ ಮತ ಅದಕ್ಕೇ. ಮುಂದೆ ಕೆಡಿಇ ಪ್ಲಾಸ್ಮಾ ಹಾಕಿದರೆ, ಮೆನುವಿನ ಗುರುತಿನ ಮೇಲೆ ಬಲಗುಂಡಿ ಒತ್ತಿ 'ಪರ್ಯಾಯಗಳನ್ನು ತೋರಿಸು' ಅನ್ನುವುದನ್ನು ಆರಿಸಿದರೆ ಸಾಕು, ಅದರ ಮೊದಲಿನ ಮೆನುವಾದ ಕಿಕಾಫ್ ಬಿಟ್ಟು ಬೇರೆಯದಕ್ಕೆ ಹೋಗಬಹುದು. ಯಾವುದನ್ನೇ ಇಟ್ಟರೂ ಹಳೆಯ ಮೆನುವನ್ನು ಮಾತ್ರ ಒಂದೇ ಏಟಿಗೆ ಕಿತ್ತುಹಾಕಬೇಡ. ಒಂದು ವಾರ ಎರಡೂ ಪಕ್ಕಪಕ್ಕದಲ್ಲಿರಲಿ.

ಮೆನುವಿಗಿಂತ ನನಗೆ ಮುಖ್ಯ ಅದರೊಳಗಿನ ಹೆಸರು. ವಿಸ್ಕರ್ ಆಗಲಿ ಕಿಕಾಫ್ ಆಗಲಿ ಓದುವುದು ಅವೇ ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು. ಒಂದೊಂದು ತಂತ್ರಾಂಶಕ್ಕೂ ಅಂಥದೊಂದು ಕಡತವಿದ್ದು, ಅದರಲ್ಲಿ ನೇಮ್ ಅಂತ ಒಂದು ಸಾಲಿರುತ್ತದೆ. ಅದರ ಕನ್ನಡ ಸಾಲಿಗೆ ಚೌಕ ಕಂಸದಲ್ಲಿ ಕೆ, ಎನ್ ಎಂಬ ಗುರುತು. ಕಂಪ್ಯೂಟರಿನ ಭಾಷೆ ಕನ್ನಡವಾಗಿದ್ದರೆ ಮಾತ್ರ ಆ ಸಾಲು ಕಾಣುತ್ತದೆ. ಕಡತವನ್ನು ನಿನ್ನ ಹೋಮ್ ಫೋಲ್ಡರಿನ ಅಪ್ಲಿಕೇಶನ್ಸ್ ಜಾಗಕ್ಕೆ ನಕಲು ಮಾಡಿಕೊಂಡು ತಿದ್ದು. ಮೂಲದಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟಿಗೆ ಅಳಿಸಿಹೋಗುತ್ತದೆ. ಲಿಬ್ರೆಆಫೀಸ್ ರೈಟರ್‌ಗೆ "ಅರ್ಜಿ ಬರೆಯಲು" ಅಂತ ಹೆಸರಿಡು, ಪಕ್ಕದಲ್ಲಿ ಇಂಗ್ಲಿಷ್ ಹೆಸರೂ ಇರಲಿ. ಆಗ ಯಾವ ಲಿಪಿಯಲ್ಲಿ ಹುಡುಕಿದರೂ ಸಿಗುತ್ತದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಅಂಗಡಿಯ ಹುಡುಗಿಯರು ದಿನಾ ತೆರೆಯುವ ಏಳೆಂಟು ತಂತ್ರಾಂಶಗಳಿಗೆ ಅವರು ಬಾಯಲ್ಲಿ ಏನಂತಾರೆ ಅಂತ ಕೇಳಿ ಬರೆದಿಟ್ಟಿರು.