ಹಿಮದ ನಾಡಿನಲ್ಲಿ ಮೊದಲ ಚಳಿಗಾಲ: ಕಾರು ಓಡಿಸುವವರಿಗೆ ಹತ್ತು ಸೂತ್ರಗಳು

ನಮ್ಮಲ್ಲಿ ಹವಾಮಾನ ವರದಿ ಎಂದರೆ ಅರ್ಧ ತಮಾಷೆ. ಇಂದು ಭಾರಿ ಮಳೆ ಎಂದರೆ ಧೈರ್ಯವಾಗಿ ಮಾಳಿಗೆ ಮೇಲೆ ಹಪ್ಪಳ ಒಣಹಾಕುವ ಜನ ನಾವು. ಈ ಅಸಡ್ಡೆಯನ್ನು ಜೊತೆಗೇ ಕಟ್ಟಿಕೊಂಡು ಡೆಟ್ರಾಯಿಟ್‌ಗೋ ಶಿಕಾಗೋಗೋ ಟೊರಾಂಟೋಗೋ ಹೋದವರು ಮೊದಲ ನವೆಂಬರಿನಲ್ಲೇ ಅದನ್ನು ಬಿಟ್ಟರೆ ಕ್ಷೇಮ. ಹಿಮದ ಸೂಚನೆ ಬಂದಾಗ ಹೆಚ್ಚಿನವರು ಮಾಡುವುದು ಒಂದೇ: ಎಂದಿನ ಹೊತ್ತಿಗೇ ಹೊರಟು ಸ್ವಲ್ಪ ನಿಧಾನ ಓಡಿಸುವುದು. ಬದಲಿಸಬೇಕಾದ್ದು ಹೊರಡುವ ಹೊತ್ತನ್ನು.

1. ವಾಚ್, ಅಡ್ವೈಸರಿ, ವಾರ್ನಿಂಗ್ ಒಂದೇ ಅಲ್ಲ. ಅಮೆರಿಕದ ನ್ಯಾಷನಲ್ ವೆದರ್ ಸರ್ವಿಸ್ 'ವಾಚ್' ಎಂದರೆ ಒಂದೆರಡು ದಿನದಲ್ಲಿ ಬಿರುಗಾಳಿ ಬರುವ ಸಂಭವ ಇದೆ. ಹಾಲು, ಔಷಧಿ, ಪೆಟ್ರೋಲು ಅವತ್ತೇ ತಂದಿಡಿ. 'ಅಡ್ವೈಸರಿ' ಎಂದರೆ ತೊಂದರೆ ಖಂಡಿತ, ಎಚ್ಚರದಿಂದಿದ್ದರೆ ನಿಭಾಯಿಸಬಹುದು. 'ವಾರ್ನಿಂಗ್' ಬಂತೋ, ಕಾರಿನ ಕೀಲಿ ಮೊಳೆಗೆ ನೇತುಹಾಕಿ. 'ಬ್ಲಿಜರ್ಡ್ ವಾರ್ನಿಂಗ್' ಎಂದರೆ ಗಂಟೆಗೆ 35 ಮೈಲಿಗೂ ಮೀರಿದ ಗಾಳಿ, ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ, ಅದೂ ಕನಿಷ್ಠ ಮೂರು ಗಂಟೆ ಕಾಲ.

2. ಇಂಚು ಎಣಿಸಬೇಡಿ, ಗಂಟೆ ನೋಡಿ. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಬಿದ್ದದ್ದು ಎರಡು ಚಿಲ್ಲರೆ ಇಂಚು ಹಿಮ. ಮಿನಿಯಾಪೊಲಿಸ್‌ನವರು ಅಷ್ಟಕ್ಕೆ ಟೋಪಿಯನ್ನೂ ಹುಡುಕುವುದಿಲ್ಲ. ಎಚ್ಚರಿಕೆ ನಸುಕಿನಲ್ಲೇ ಹೊರಬಿದ್ದಿತ್ತು. ಆದರೂ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದರು. ಮಧ್ಯಾಹ್ನ ಹಿಮ ಶುರುವಾದೊಡನೆ ಶಾಲೆ, ಕಚೇರಿ, ಸರ್ಕಾರ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟವು. ರಸ್ತೆ ತುಂಬಿ ಉಪ್ಪು ಹಾಕುವ ಲಾರಿಗಳಿಗೇ ದಾರಿ ಇಲ್ಲ, ಹಿಮ ಕಾರುಗಳ ಕೆಳಗೇ ಗಡ್ಡೆಗಟ್ಟಿತು. ಸಾವಿರಾರು ಮಕ್ಕಳು ಶಾಲೆಯಲ್ಲೇ ಮಲಗಿದರು. ಕೆಡಿಸಿದ್ದು ಹಿಮ ಅಲ್ಲ, ಎಲ್ಲರೂ ಒಂದೇ ಗಳಿಗೆಯಲ್ಲಿ ಮಾಡಿದ ತೀರ್ಮಾನ. ಹಿಮ ಮಧ್ಯಾಹ್ನ ಒಂದಕ್ಕೆ ಎಂದಿದ್ದರೆ ನೀವು ಹನ್ನೊಂದಕ್ಕೇ ಮನೆ ಸೇರಿರಬೇಕು. ಇಲ್ಲವೇ ಅಲ್ಲೇ ಉಳಿಯಲು ಸಿದ್ಧರಾಗಿರಬೇಕು.

3. ಮೊದಲ ಹಿಮದ ದಿನ ರಜೆ ಹಾಕಿ. ಇದು ಸೋಮಾರಿಗಳ ಸಲಹೆ ಅಲ್ಲ. ಐಸೆನ್‌ಬರ್ಗ್ ಮತ್ತು ವಾರ್ನರ್ ಎಂಬ ಸಂಶೋಧಕರು 1975ರಿಂದ 2000ದವರೆಗಿನ ಅಮೆರಿಕದ ಅಪಘಾತಗಳನ್ನು ತಾಳೆ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಜಿಗದ ಸಂಗತಿ ಇದೆ. ಹಿಮದ ದಿನಗಳಲ್ಲಿ ಗುದ್ದಾಟ, ಗಾಯ ಹೆಚ್ಚು. ಪ್ರಾಣ ತೆಗೆಯುವ ಅಪಘಾತ ಮಾತ್ರ ಒಣ ದಿನಗಳಿಗಿಂತ ಕಡಿಮೆ. ಜನ ನಿಧಾನ ಓಡಿಸುತ್ತಾರಲ್ಲ! ಆದರೆ ಋತುವಿನ ಮೊದಲ ಹಿಮದ ದಿನ ಉಳಿದ ಹಿಮದ ದಿನಗಳಿಗಿಂತ ಹೆಚ್ಚು ಜೀವ ತೆಗೆಯುತ್ತದೆ, ವಯಸ್ಸಾದ ಚಾಲಕರ ಪಾಲಿಗಂತೂ ಇನ್ನೂ ಹೆಚ್ಚು. ಇಪ್ಪತ್ತು ವರ್ಷದ ಅನುಭವಿಗೂ ಎಂಟು ತಿಂಗಳಲ್ಲಿ ಕಾಲಿನ ಅಳತೆ ಮರೆತಿರುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಹತ್ತು ನಿಮಿಷ ಬ್ರೇಕ್ ಹಾಕಿ ನೋಡಿ, ಆಮೇಲೆ ರಸ್ತೆಗೆ ಬನ್ನಿ.

4. ಸೊನ್ನೆಯ ಆಸುಪಾಸೇ ಅಪಾಯ. ಮೈನಸ್ ಇಪ್ಪತ್ತು ಡಿಗ್ರಿಗೆ ಹೆದರುವವರು ಸೊನ್ನೆಯನ್ನು ಹಗುರವಾಗಿ ಕಾಣುತ್ತಾರೆ. ಆದರೆ ಕರಗುವ ಅಂಚಿನ ಐಸ್ ಎಲ್ಲಕ್ಕಿಂತ ಜಾರು. ಬೆಳಗಿನ ಜಾವ ರಸ್ತೆ ಬರೀ ಒದ್ದೆಯಂತೆ ಹೊಳೆಯುತ್ತದೆ; ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮದಿದ್ದರೆ ಅದು ಬ್ಲ್ಯಾಕ್ ಐಸ್ ಎಂದೇ ತಿಳಿಯಿರಿ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಏಕೆಂದರೆ ಕೆಳಗಿನಿಂದಲೂ ಗಾಳಿ ತಣ್ಣಗೆ ಮಾಡುತ್ತದೆ. ರಸ್ತೆಗೆ ಹಾಕುವ ಮಾಮೂಲಿ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ಕೆಲಸ ಮಾಡದು.

5. ಮೊದಲು ಮಳೆ, ಆಮೇಲೆ ಹಿಮ ಎಂದಿದ್ದರೆ ಎರಡು ಪಟ್ಟು ಹುಷಾರಾಗಿರಿ. ಮುಂಚೆಯೇ ಉಪ್ಪುನೀರು ಸಿಂಪಡಿಸಿದರೆ ಮಳೆ ತೊಳೆದುಬಿಡುತ್ತದೆ. 2022ರ ಜನವರಿ 3ರಂದು ವರ್ಜೀನಿಯಾದ ಐ-95 ಹೆದ್ದಾರಿಯಲ್ಲಿ ಇದೇ ಕಾರಣಕ್ಕೆ ಸಿಂಪಡಿಸಿರಲಿಲ್ಲ. ಲಾರಿಗಳು ಅಡ್ಡಡ್ಡ ನಿಂತು, ನೂರಾರು ವಾಹನಗಳು ರಾತ್ರಿಯಿಡೀ ಸಿಕ್ಕಿಬಿದ್ದವು. ರಿಚ್‌ಮಂಡ್‌ನಿಂದ ವಾಷಿಂಗ್ಟನ್‌ಗೆ ಎರಡು ಗಂಟೆಯ ದಾರಿ. ಸೆನೆಟರ್ ಟಿಮ್ ಕೇನ್ ಅವರಿಗೆ ಹಿಡಿದದ್ದು 27 ಗಂಟೆ. ಪಕ್ಕದ ಕಾರಿನ ಕುಟುಂಬ ಕೊಟ್ಟ ಕಿತ್ತಳೆಯೇ ಅವರಿಗೆ ಊಟ.

6. ಟೈರಿಗೆ ಜಿಪುಣತನ ಬೇಡ. ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಒಂಟಾರಿಯೋದಲ್ಲಿ ಹಾಕಿಸಿದರೆ ವಿಮೆಯಲ್ಲಿ ರಿಯಾಯಿತಿ.

7. ಆಲ್ ವೀಲ್ ಡ್ರೈವ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಹಳ್ಳಕ್ಕೆ ಬಿದ್ದ ದೊಡ್ಡ ದೊಡ್ಡ ಗಾಡಿಗಳನ್ನು ನೋಡಿದರೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

8. ಜಾರಿದಾಗ ಕೈಕಾಲು ಕಡಿಮೆ ಆಡಿಸಿ. ಆಕ್ಸಿಲರೇಟರ್ ಬಿಡಿ. ಹೋಗಬೇಕಾದ ಕಡೆ ಕಣ್ಣು ನೆಟ್ಟು ಸ್ಟೇರಿಂಗ್ ಅತ್ತಲೇ ಮೆಲ್ಲಗೆ ತಿರುಗಿಸಿ; ಎದುರಿನ ಕಂಬವನ್ನು ನೋಡುತ್ತ ಕೂತರೆ ಕಂಬಕ್ಕೇ ಹೋಗುತ್ತೀರಿ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಹಾಕಲೇಬೇಕಾದರೆ ಒತ್ತಿ ಹಿಡಿಯಿರಿ. ಆಗ ಪೆಡಲ್ ಕಾಲಡಿ ಗಡಗಡ ಅದುರುತ್ತದೆ. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆಯುವವರೇ ಜಾಸ್ತಿ. ಅದು ತನ್ನ ಕೆಲಸ ಮಾಡುತ್ತಿದೆ, ಬಿಡಬೇಡಿ. ಕ್ರೂಸ್ ಕಂಟ್ರೋಲ್ ಅಂದು ಮುಟ್ಟಲೇಬೇಡಿ.

9. ಹಿಮ ತಳ್ಳುವ ಲಾರಿಯ ಹಿಂದೆಯೇ ಇರಿ. ಅದರ ಹಿಂದಿನ ರಸ್ತೆಯೇ ಇದ್ದುದರಲ್ಲಿ ಒಳ್ಳೆಯದು. ಓವರ್‌ಟೇಕ್ ಮಾಡಿದವರಿಗೆ ಸಿಗುವುದು ಯಾರೂ ತೆಗೆಯದ ಹಿಮ. ಹೊರಡುವ ಮೊದಲು ಹೆಚ್ಚಿನ ರಾಜ್ಯಗಳಲ್ಲಿ 511ಕ್ಕೆ ಫೋನ್ ಮಾಡಿ ಹೆದ್ದಾರಿಯ ಸ್ಥಿತಿ ಕೇಳಬಹುದು. ಆಕಾಶದ ಸುದ್ದಿ ಬೇರೆ, ನೆಲದ ಸುದ್ದಿ ಬೇರೆ, ಎರಡೂ ಬೇಕು.

10. 'ಬರೋಕಾಗಲ್ಲ' ಎನ್ನಲು ಸಂಕೋಚ ಬೇಡ. ನಮ್ಮವರನ್ನು ಕೆಟ್ಟ ರಸ್ತೆಗೆ ಇಳಿಸುವುದು ಬಹುಪಾಲು ದಾಕ್ಷಿಣ್ಯ. ಸತ್ಯನಾರಾಯಣ ಪೂಜೆಗೆ ಕರೆದಿದ್ದಾರೆ, ಮಗುವಿನ ಹುಟ್ಟುಹಬ್ಬ, ಕನ್ನಡ ಕೂಟದ ಸಂಕ್ರಾಂತಿ, ಮ್ಯಾನೇಜರ್ ಏನಂದುಕೊಂಡಾರು. 2022ರ ಡಿಸೆಂಬರಿನಲ್ಲಿ ಬಫೆಲೋ ಸುತ್ತಮುತ್ತ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕಾರಿನೊಳಗೇ. ವಾಹನ ಸಂಚಾರ ನಿಷೇಧಿಸಿದ್ದು ತಡವಾಯಿತೆಂಬ ಟೀಕೆ ಬಂತು. ಸರ್ಕಾರ ಹೇಳಲೆಂದು ನೀವು ಕಾಯಬೇಕಿಲ್ಲ. ಹೋಗಲೇಬೇಕಾದರೆ ಕಂಬಳಿ, ಸಲಿಕೆ, ನೀರು, ಶೇಂಗಾ ಚಿಕ್ಕಿ ಕಾರಿನಲ್ಲಿರಲಿ. ಸಿಕ್ಕಿಬಿದ್ದರೆ ಎಂಜಿನ್ ಹಾಕುವ ಮೊದಲು ಹೊಗೆ ಕೊಳವೆಯ ಬಾಯಿಗೆ ಮುಚ್ಚಿದ ಹಿಮ ತೆಗೆಯಿರಿ, ಇಲ್ಲದಿದ್ದರೆ ವಿಷಾನಿಲ ಒಳಗೆ ತುಂಬುತ್ತದೆ. ಇನ್ನು ಕರೆಯುವವರು ನೀವೇ ಆಗಿದ್ದರೆ, ಕಾರ್ಯಕ್ರಮ ಮುಂದೂಡುವ ಮೆಸೇಜನ್ನು ಹಿಂದಿನ ರಾತ್ರಿಯೇ ವಾಟ್ಸಾಪ್ ಗುಂಪಿಗೆ ಹಾಕಿಬಿಡಿ. ಬೆಳಿಗ್ಗೆ ಹಾಕಿದರೆ ಅರ್ಧ ಜನ ಆಗಲೇ ಬಿಸಿಬೇಳೆಭಾತಿನ ಪಾತ್ರೆ ಹಿಂದಿನ ಸೀಟಿನಲ್ಲಿಟ್ಟು ಹೆದ್ದಾರಿ ಹತ್ತಿರುತ್ತಾರೆ.