ಬೆಳಕಿನ ಎಲ್ಲೆಯೂ ಆರಿದ ಹಣತೆಗಳೂ

ಬರಿಗಣ್ಣಿಗೆ ನಿಲುಕದ ಜೀವಕೋಶವನ್ನು ಮಾನವನಿಗೆ ಪರಿಚಯಿಸಿಕೊಟ್ಟ ಸೂಕ್ಷ್ಮದರ್ಶಕದ ಶಕ್ತಿಗೂ ಒಂದು ಮೇರೆಯುಂಟು. ಇದನ್ನು 1873ರಲ್ಲಿ ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆಯವರು ನಿರೂಪಿಸಿದರು. ಬೆಳಕು ಅಲೆಯಾಗಿ ಹರಡುವುದರಿಂದ ಅತಿ ಚಿಕ್ಕ ಬಿಂದುವೂ ಮಸೂರದಲ್ಲಿ ಹಿಗ್ಗಿದ ಮಚ್ಚೆಯಾಗಿಯೇ ಮೂಡುತ್ತದೆ. ಅಲೆಯುದ್ದದ ಸುಮಾರು ಅರ್ಧಕ್ಕಿಂತ, ಎಂದರೆ ಸುಮಾರು 200 ನ್ಯಾನೊಮೀಟರಿಗಿಂತ, ಸಮೀಪವಿರುವ ಎರಡು ಬಿಂದುಗಳು ಒಂದಾಗಿ ಬೆರೆತುಬಿಡುತ್ತವೆ. ಜೀವಕೋಶದ ಪ್ರೋಟೀನುಗಳಾದರೋ ಕೆಲವೇ ನ್ಯಾನೊಮೀಟರು ಗಾತ್ರದವು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕವು ಇಂಥವನ್ನು ತೋರಿಸಬಲ್ಲುದಾದರೂ ಅದರ ನಿರ್ವಾತದಲ್ಲಿ ಕೋಶ ಜೀವಂತವಾಗಿ ಉಳಿಯದು. ಬದುಕಿರುವ ಜೀವವನ್ನೇ ನೋಡಬೇಕೆಂಬ ಹಂಬಲ ಹಾಗೆಯೇ ಉಳಿಯಿತು.

ಕೆಲವು ಅಣುಗಳು ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಕೋಶದ ಭಾಗಗಳಿಗೆ ಇಂಥ ಅಣುಗಳನ್ನು ಜೋಡಿಸಿದರೆ ಅವು ಪುಟ್ಟ ಹಣತೆಗಳಂತೆ ಬೆಳಗುತ್ತವೆ. ಆ ಹಣತೆಗಳನ್ನು ಆರಿಸುವುದರಲ್ಲಿಯೇ ಹೊಸ ಮಾರ್ಗ ಅಡಗಿತ್ತು.

1994ರಲ್ಲಿ ಸ್ಟೆಫಾನ್ ಹೆಲ್ ಅವರು ಒಂದು ಉಪಾಯವನ್ನು ಮುಂದಿಟ್ಟರು. ಒಂದು ಲೇಸರ್ ಕಿರಣ ಅಣುಗಳನ್ನು ಬೆಳಗಿಸುತ್ತದೆ. ಬಳೆಯಾಕಾರದ ಮತ್ತೊಂದು ಕಿರಣ ನಡುವಿನ ಕಿರುಭಾಗವನ್ನುಳಿದು ಸುತ್ತಲಿನದನ್ನೆಲ್ಲ ಆರಿಸುತ್ತದೆ. 2000ದ ವೇಳೆಗೆ ಇದು ಪ್ರಯೋಗದಿಂದ ಸಿದ್ಧವಾಯಿತು. ಇನ್ನೊಂದು ದಾರಿಗೆ ವಿಲಿಯಂ ಮೋರ್ನರ್ ಅವರು ಬುನಾದಿ ಹಾಕಿದರು. ಒಂಟಿ ಅಣುವನ್ನು ಬೆಳಕಿನಿಂದ ಗುರುತಿಸಬಹುದೆಂದು 1989ರಲ್ಲಿಯೂ, ಹೊಳೆಯುವ ಪ್ರೋಟೀನೊಂದನ್ನು ಬೆಳಗಿಸಿ ಆರಿಸಬಹುದೆಂದು 1997ರಲ್ಲಿಯೂ ಅವರು ತೋರಿಸಿದರು.

ದೂರದ ಬೆಟ್ಟದ ದೀಪೋತ್ಸವದಲ್ಲಿ ಹಣತೆಗಳೆಲ್ಲ ಒಮ್ಮೆಗೇ ಉರಿದರೆ ಒಂದೇ ಪ್ರಭೆ ಕಾಣುತ್ತದೆ. ಒಂದೊಂದಾಗಿ ಹೊತ್ತಿಸಿದರೆ ಪ್ರತಿಯೊಂದರ ಸ್ಥಾನವನ್ನೂ ಗುರುತುಹಾಕಿಕೊಳ್ಳಬಹುದು. ಎರಿಕ್ ಬೆಟ್ಸಿಗ್ ಅವರ ವಿಧಾನವೂ ಇದೇ. ಕೆಲವೇ ಅಣುಗಳನ್ನು ಸರದಿಯಂತೆ ಬೆಳಗಿಸಿ, ಪ್ರತಿ ಮಚ್ಚೆಯ ಕೇಂದ್ರವನ್ನು ಗಣಿಸಿ, ಸಾವಿರಾರು ಚಿತ್ರಗಳನ್ನು ಒಂದುಗೂಡಿಸುವುದು. ಸಂಶೋಧನೆಯನ್ನು ತೊರೆದು ತಂದೆಯ ಯಂತ್ರೋದ್ಯಮದಲ್ಲಿ ದುಡಿದಿದ್ದ ಅವರು ಗೆಳೆಯ ಹರಾಲ್ಡ್ ಹೆಸ್ ಅವರ ಮನೆಯ ಹಜಾರದಲ್ಲಿ ಈ ಉಪಕರಣವನ್ನು ಕಟ್ಟಿದರು. 2006ರಲ್ಲಿ ಫಲ ಪ್ರಕಟವಾಯಿತು. 2014ರಲ್ಲಿ ಹೆಲ್, ಮೋರ್ನರ್, ಬೆಟ್ಸಿಗ್ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಫಲವೂ ಸಾಮಾನ್ಯವಲ್ಲ. 2013ರಲ್ಲಿ ಷಿಯಾವೊವೆಯ್ ಝುವಾಂಗ್ ಅವರ ತಂಡವು ನರಕೋಶದ ನೀಳ ತಂತುವಿನ ಒಳಮೈಯಲ್ಲಿ ಆ್ಯಕ್ಟಿನ್ ಎಂಬ ಪ್ರೋಟೀನಿನ ಉಂಗುರಗಳು ಸುಮಾರು 180ರಿಂದ 190 ನ್ಯಾನೊಮೀಟರಿಗೊಂದರಂತೆ ಸಾಲಾಗಿರುವುದನ್ನು ಕಂಡಿತು. ಹಳೆಯ ಸೂಕ್ಷ್ಮದರ್ಶಕಕ್ಕೆ ಅದು ಬರಿಯ ಮಬ್ಬುಗೆರೆ. ಆದರೂ ಪ್ರಖರ ಲೇಸರ್ ಜೀವಂತ ಕೋಶವನ್ನು ನೋಯಿಸಬಲ್ಲುದು; ಅಲ್ಲಿ ಎಚ್ಚರ ಅವಶ್ಯ.

ಅಬ್ಬೆಯವರ ನಿಯಮ ಇಂದಿಗೂ ಸುಳ್ಳಾಗಿಲ್ಲ. ಮಚ್ಚೆ ಈಗಲೂ ಹಿಗ್ಗಿಯೇ ಇದೆ. ಎಲ್ಲ ಅಣುಗಳೂ ಏಕಕಾಲಕ್ಕೆ ಬೆಳಗಲೇಬೇಕೆಂದು ಮಾತ್ರ ಆ ನಿಯಮ ಹೇಳಿರಲಿಲ್ಲ. ನಿಯಮವನ್ನು ಬೋಧಿಸುವಾಗ ಅದು ಯಾವ ಸಂದರ್ಭಕ್ಕೆ ಅನ್ವಯಿಸುತ್ತದೆಂಬುದನ್ನೂ ಬೋಧಿಸಿದರೆ, ಮುಂದಿನ ದಾರಿ ವಿದ್ಯಾರ್ಥಿಗೆ ತೆರೆದೇ ಇರುತ್ತದೆ.